ಅಕ್ಕನನ್ನು ಕೂರಿಸಿದ ವರ್ಷ

ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನ ಎದುರಿಗಿರುವ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹೇಳಿ ಕೂತಿದ್ದೆ. ಡಾಕ್ಟರು ಬೇಡವೆಂದದ್ದನ್ನು ಪರವೂರಿನ ಹೋಟೆಲಿನಲ್ಲಿ ಯಾರೂ ನೋಡದಂತೆ ತಿನ್ನುವುದರಲ್ಲಿ ಒಂದು ಸುಖವಿದೆ. ಸಕ್ಕರೆ ಕಾಯಿಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಟೆಲಿನವರೊಬ್ಬರು ಬಂದು ಒದ್ದೆ ಬಟ್ಟೆಯಿಂದ ಟೇಬಲ್ ಒರೆಸಿ ಹೋದರು. ಯಾರದೋ ಹಳೆಯ ಸೀರೆಯ ತುಂಡು. ದಿನವೆಲ್ಲ ನೀರು ಕುಡಿಯುತ್ತ, ಎಂದೂ ಪೂರ್ತಿ ಒಣಗದ ಬಟ್ಟೆಗೆ ಒಂದು ವಾಸನೆ ಇರುತ್ತದಲ್ಲ, ಸ್ವಲ್ಪ ಹುಳಿ, ಸ್ವಲ್ಪ ಮಣ್ಣು, ಅದು ಮೂಗಿಗೆ ಬಡಿಯಿತು. ಸಿಂಬಿಯ ವಾಸನೆ. ತಲೆಯ ಮೇಲೆ ಕೊಡ ಇಡುವ ಮುಂಚೆ ಬಟ್ಟೆಯನ್ನು ಸುತ್ತಿ ಸುತ್ತಿ ನೆತ್ತಿಯ ಮೇಲೆ ಇಟ್ಟುಕೊಳ್ಳುತ್ತಿದ್ದೆವಲ್ಲ, ಅದರ ವಾಸನೆ. ಮಂಡಕ್ಕಿ ಬಂತು. ತಿನ್ನಲಾಗಲಿಲ್ಲ.

ಬರೀ ವಾಸನೆಯಾಗಿದ್ದರೆ ತಿಂದುಬಿಡುತ್ತಿದ್ದೆನೇನೋ. ನಾನು ತಂಬ್ರಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವತ್ತು ಹಗರಿಬೊಮ್ಮನಹಳ್ಳಿಗೆ ಬಂದದ್ದು ಶಿಕ್ಷಕರ ತರಬೇತಿಗೆ. ತರಬೇತಿಯಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ನನಗೆ ಕರಗತವಾಗಿದೆ; ನಡುನಡುವೆ ತಲೆಯನ್ನೂ ಆಡಿಸುತ್ತೇನೆ. ಬೆಳಗಿನ ಉಪನ್ಯಾಸದಲ್ಲೂ ಹಾಗೇ ಆಡಿಸುತ್ತಿದ್ದೆ. ಮಾತಾಡುತ್ತಿದ್ದವರು ಒಮ್ಮೆಲೇ ದನಿ ಏರಿಸಿ, 'ಮಕ್ಕಳು ಓಡಲಿ, ನಡೆಯಲಿ, ಮೈ ಬೆವರಲಿ. ಕಾಲು ಆಡಿದರೆ ಮೆದುಳಿಗೆ ರಕ್ತ ಚೆನ್ನಾಗಿ ಹೋಗುತ್ತದೆ, ಓದಿದ್ದು ನೆನಪಿನಲ್ಲಿ ನಿಲ್ಲುತ್ತದೆ. ದಯವಿಟ್ಟು ಆಟದ ಪಿರಿಯಡ್ ಕಿತ್ತುಕೊಳ್ಳಬೇಡಿ' ಎಂದರು. ಎಲ್ಲರೂ ಬರೆದುಕೊಂಡರು. ನನ್ನ ಪೆನ್ನು ಮುಂದಕ್ಕೆ ಹೋಗಲಿಲ್ಲ.

ಪಕ್ಕದಲ್ಲಿದ್ದ ಗಣಿತದ ಮೇಡಂ ನನ್ನ ಮೊಣಕೈ ತಿವಿದು, 'ಏನ್ರಿ ಮೇಡಂ, ನಿಮ್ ಪಿ.ಟಿ. ಮಾಸ್ತರ್ರು ಇದನ್ನ ಕೇಳ್ಯಾರಂದ್ರ ನಿಮ್ಮನ್ನ ಸುಮ್ನ ಬಿಡ್ತಾರೇನು?' ಎಂದು ನಕ್ಕರು. ಹೌದು, ವಾರಕ್ಕೆ ಎರಡು ಆಟದ ಪಿರಿಯಡ್ಡುಗಳನ್ನು ಪಾಠ ಮುಗಿಸುವ ನೆಪದಲ್ಲಿ ಕಸಿದುಕೊಳ್ಳುವವಳು ನಾನೇ. ನಮ್ಮ ಪಿ.ಟಿ. ಮಾಸ್ತರರು ಸಂಭಾವಿತರು. 'ತಗೋರಿ ಟೀಚರ್ರ, ಹೆಂಗೂ ಫೀಲ್ಡಿನಾಗ ಮುಳ್ಳ ಭಾಳ ಅದಾವ' ಎಂದು ಬಿಟ್ಟುಕೊಡುತ್ತಾರೆ. ಆದರೆ ಪೆನ್ನು ನಿಂತದ್ದು ಆ ನಾಚಿಕೆಗಲ್ಲ. ಉಪನ್ಯಾಸದವರು ಹೇಳಿದ ಮಾತನ್ನು ನಾನು ಎಷ್ಟೋ ವರ್ಷಗಳ ಹಿಂದೆಯೇ ಒಬ್ಬ ಹುಡುಗಿಯ ಬಾಯಲ್ಲಿ ಕೇಳಿದ್ದೆ. ಅದು ನಿಜವೆಂದು ಮೈಯಾರೆ ಕಂಡಿದ್ದೆ. ನಿಜವೇ ಎಂದು ಕೇಳಿದಾಗ ಅಲ್ಲ ಎಂದಿದ್ದೆ.

ನಮ್ಮದು ಕೊಟ್ಟೂರು. ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅಪ್ಪ ಟೇಲರ್. ಬಜಾರಿನಲ್ಲಿ ಒಂದು ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಅವನ ಮಿಷನ್ ಇತ್ತು. ಬೆಳಗ್ಗೆ ಕೂತರೆ ಮಧ್ಯಾಹ್ನ ರೊಟ್ಟಿಗೆ ಏಳಬೇಕು, ಮತ್ತೆ ಕೂತರೆ ದೀಪ ಹಚ್ಚುವ ಹೊತ್ತಿಗೆ. ಕೂತು ಮಾಡಿದ್ದೇ ಕೆಲಸ ಎಂಬುದು ಅವನ ಸಿದ್ಧಾಂತ. ಅಡ್ಡಾಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. 'ಕುಂತ್ರ ಅಂಗಿ ಆಗ್ತೈತಿ. ತಿರುಗಾಡಿದ್ರ ಏನಾಗ್ತೈತಿ? ಚಪ್ಲಿ ಸವಿತಾವ' ಎನ್ನುತ್ತಿದ್ದ.

ಅಪ್ಪನ ನೆನಪಿನ ಶಕ್ತಿಯ ಬಗ್ಗೆ ಬಜಾರಿನಲ್ಲಿ ಹೆಸರಿತ್ತು. ಅಳತೆಯ ಪುಸ್ತಕವೇ ಅವನ ಬಳಿ ಇರಲಿಲ್ಲ. ಯಾರಾದರೂ ಕಟ್ಟೆ ಹತ್ತಿದರೆ ತಲೆ ಎತ್ತದೆ, 'ಬರ್ರಿ ಶೆಟ್ರ. ನಿಮ್ಮ ಸೊಂಟ ಮೂವತ್ತೆಂಟು. ಹೋದ ದೀಪಾವಳಿಗೆ ಮೂವತ್ತಾರೂವರಿ ಇತ್ತು ನೋಡ್ರಿ' ಎಂದು ಅವರ ಹೊಟ್ಟೆಯ ಚರಿತ್ರೆಯನ್ನೂ ಹೇಳುತ್ತಿದ್ದ. ಆದರೆ ಮನೆಯಲ್ಲಿ ಊಟಕ್ಕೆ ಕೂತಾಗ ಅವ್ವ ಯಾರದಾದರೂ ಅಳತೆ ಕೇಳಿದರೆ ಅವನಿಗೆ ಬರುತ್ತಿರಲಿಲ್ಲ. 'ತಡಿ, ಮಿಷನ್ ಮ್ಯಾಲೆ ಕುಂತ್ರ ನೆನಪಾಗ್ತೈತಿ' ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ಮಿಷನ್ನಿನ ಮೇಲೆ ಕೂತಾಗ ಅಪ್ಪ ನಿಜವಾಗಿ ಕೂತಿರುತ್ತಿರಲಿಲ್ಲ, ಅವನ ಎರಡೂ ಪಾದಗಳು ಇಡೀ ದಿನ ತುಳಿಯುತ್ತಲೇ ಇರುತ್ತಿದ್ದವು ಎಂಬುದು ನನಗೆ ಹೊಳೆದದ್ದು ಅವನು ತೀರಿಕೊಂಡ ಮೇಲೆ. ಅವನಿಗೆ ಕೊನೆಯವರೆಗೂ ಹೊಳೆಯಲಿಲ್ಲ.

ಅಕ್ಕ ಗಿರಿಜಾ ನನಗಿಂತ ಮೂರು ವರ್ಷ ದೊಡ್ಡವಳು. ಮನೆಗೆ ನಾವಿಬ್ಬರೇ ಮಕ್ಕಳು. ಅವ್ವನಿಗೆ ಸೊಂಟದ ನೋವು. ನೀರು ತರುವುದು ಅಕ್ಕನ ಪಾಲಿಗೆ ಬಂದಿತ್ತು. ಓಣಿಯ ನಲ್ಲಿಗೆ ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದದ್ದು ಸವುಳು ನೀರು, ಬಳಸುವುದಕ್ಕೆ ಮಾತ್ರ. ಕುಡಿಯುವುದಕ್ಕೆ ಊರಾಚೆಯ ಒಂದು ತೋಟದ ಬಾವಿಗೇ ಹೋಗಬೇಕು. ಎಣ್ಣೆ ಮಿಲ್ಲು ದಾಟಿ, ಬೇವಿನ ಗಿಡ ದಾಟಿ, ಹೊಲದ ಬದುವಿನ ಮೇಲೆ ನಡೆದರೆ ಬಾವಿ. ಬೆಳಗ್ಗೆ ಮೂರು ಸಲ, ಸಂಜೆ ಎರಡು ಸಲ. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ.

ಆ ದಾರಿಯೇ ಅಕ್ಕನ ಓದುವ ಕೋಣೆ. ಮನೆ ಬಿಡುವ ಮುಂಚೆ ಪುಸ್ತಕವನ್ನು ಒಂದು ಸಲ ನೋಡುತ್ತಿದ್ದಳು, ಅಷ್ಟೇ. ಖಾಲಿ ಕೊಡ ಹಿಡಿದು ಹೋಗುವಾಗ ಪ್ರಶ್ನೆಗಳು, ತುಂಬಿದ ಕೊಡ ಹೊತ್ತು ಬರುವಾಗ ಉತ್ತರಗಳು. ಎಣ್ಣೆ ಮಿಲ್ಲಿನ ಗೇಟಿನಿಂದ ಗೋಡೆ ಮುಗಿಯುವವರೆಗೆ ಹೃದಯದ ಭಾಗಗಳು. ಬೇವಿನ ಗಿಡದ ಕೆಳಗೆ ಚಲನೆಯ ಮೂರು ನಿಯಮಗಳು. ಬದುವಿನ ಮೇಲೆ ಹೆಜ್ಜೆಗೊಂದರಂತೆ ಇತಿಹಾಸದ ಇಸವಿಗಳು. ಒಂದೆರಡು ಸಲ ನಾನೂ ಜೊತೆಗೆ ಹೋಗಿದ್ದೆ. ಬಾಯಲ್ಲಿ ಮಣಮಣ ಎನ್ನುತ್ತ ಹೊರಟರೆ ನಾನು ಪಕ್ಕದಲ್ಲಿರುವುದೇ ಅವಳಿಗೆ ಮರೆತುಹೋಗುತ್ತಿತ್ತು. 'ಮನ್ಯಾಗ ಕುಂತು ಯಾಕ ಓದಂಗಿಲ್ಲ?' ಎಂದು ಕೇಳಿದೆ. 'ಕೊಡ ತುಂಬಿದಾಗ ಕುತ್ತಿಗಿ ಅಲ್ಲಾಡಬಾರ್ದಲೇ. ಕಾಲು ಮಾತ್ರ ನಡೀಬೇಕು. ಹಂಗ ನಡದ್ರ ಓದಿದ್ದು ಚೆಲ್ಲಂಗಿಲ್ಲ' ಎಂದಳು. ತರಬೇತಿಯವರು ಒಂದು ಗಂಟೆ ಹೇಳಿದ್ದು ಇದನ್ನೇ.

ಎಸ್ಸೆಸ್ಸೆಲ್ಸಿಯಲ್ಲಿ ಅಕ್ಕ ಅವಳ ಶಾಲೆಗೇ ಮೊದಲಿಗಳಾದಳು. ಪಿಯುಸಿಗೆ ವಿಜ್ಞಾನ ತೆಗೆದುಕೊಂಡಳು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅವಳ ಜೊತೆಗೆ ಸೇರಿದ ಕನ್ನಡ ಶಾಲೆಯ ಹುಡುಗಿಯರು ತಿಂಗಳೊಳಗೆ ಕಲಾ ವಿಭಾಗಕ್ಕೆ ಹಾರಿದರು. ಅಕ್ಕ ಮಾತ್ರ ಹೊಸ ಪದಗಳನ್ನೆಲ್ಲ ಬಾವಿಯ ದಾರಿಯಲ್ಲಿ ನೆಟ್ಟುಕೊಂಡು ಬಂದು, ಮೊದಲ ವರ್ಷವನ್ನು ಒಳ್ಳೆಯ ಅಂಕಗಳಲ್ಲಿ ಮುಗಿಸಿದಳು. ಕಾಲೇಜಿನ ಒಬ್ಬ ಲೆಕ್ಚರರು ಪ್ಯಾಂಟು ಹೊಲಿಸಲು ಬಂದಾಗ ಅಪ್ಪನಿಗೆ ಹೇಳಿದರಂತೆ: 'ನಿಮ್ಮ ಮಗಳು ಡಾಕ್ಟರ್ ಆಗೋ ಹುಡುಗಿ ರೀ. ಎರಡನೇ ವರ್ಷ ಭಾಳ ಮುಖ್ಯ. ಮನೆಗೆಲಸ ಬಿಡಿಸಿ ಓದಾಕ ಕುಂದ್ರಸ್ರಿ.' ಅಪ್ಪ ಅವತ್ತು ಮಧ್ಯಾಹ್ನವೇ ಮನೆಗೆ ಬಂದ. ಅವನ ಕಣ್ಣು ಒದ್ದೆಯಾಗಿದ್ದದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ.

ಮುಂದೆ ನಡೆದದ್ದನ್ನು ನೀವು ಕ್ರೌರ್ಯ ಎಂದುಕೊಳ್ಳಬಾರದು. ನಮ್ಮ ಮನೆಯಲ್ಲಿ ಅಷ್ಟು ಪ್ರೀತಿ ಒಟ್ಟಿಗೆ ಸುರಿದದ್ದು ಅದೇ ಮೊದಲು, ಅದೇ ಕೊನೆ. ನೆಲದಡಿ ಕಾಳು ತುಂಬಿಡುವ ಹಗೇವಿನ ಪಕ್ಕದ, ಜೋಳದ ಚೀಲ ಇಡುವ ಸಣ್ಣ ಕೋಣೆಯನ್ನು ಖಾಲಿ ಮಾಡಿಸಿದರು. ಅಪ್ಪ ಒಂದು ಕುರ್ಚಿ ತಂದ. ಅದಕ್ಕೆ ಅಂಗಡಿಯಲ್ಲಿ ಉಳಿದ ಬಣ್ಣಬಣ್ಣದ ಚೂರುಗಳನ್ನು ಕೂಡಿಸಿ ದಿಂಬು ಹೊಲಿದ. ಹಳೆಯ ಅರಿವೆ ತುಂಬಿ, ಅವಳಿಗೆ ಒತ್ತಬಾರದೆಂದು ತಾನೇ ಕೂತು ಕೂತು ನೋಡಿದ. ಕಿಟಕಿಗೆ ಪರದೆ ಬಂತು. ಅವ್ವ ವಾರಕ್ಕೆರಡು ಸಲ ನೆತ್ತಿಗೆ ಬ್ರಾಹ್ಮಿ ಎಣ್ಣೆ ತಟ್ಟಿದಳು. ರೊಟ್ಟಿ ಬಡಿಯುವ ಸದ್ದಾಗುತ್ತದೆಂದು ಹಿತ್ತಲಿಗೆ ಹೋಗಿ ಬಡಿದಳು. ಅಕ್ಕನ ಕಾಲು ನೆಲಕ್ಕೆ ತಾಗದಂತೆ ನೋಡಿಕೊಂಡೆವು ಅಂತಲೇ ಹೇಳಬಹುದು.

ಕೊಡಗಳು ನನ್ನ ತಲೆಗೆ ಬಂದವು. ನಾನಾಗ ಒಂಬತ್ತನೇ ತರಗತಿ, ದೇಹ ಹಂಚಿಕಡ್ಡಿ, ಓದಿನಲ್ಲಿ ಹಿಂದಿನ ಬೆಂಚು. ಅಪ್ಪ ನನ್ನ ಪ್ರಗತಿ ಪತ್ರವನ್ನು ಓದದೆಯೇ ಸಹಿ ಹಾಕುತ್ತಿದ್ದ. ನೋಡಿ ಇಬ್ಬರಿಗೂ ಯಾಕೆ ಬೇಸರ ಎಂಬ ದಯೆಯಿಂದ. ಮೊದಲ ವಾರ ಅತ್ತೆ. ಎರಡನೇ ವಾರ ಎಡವಿ ಬಿದ್ದು ಒಂದು ಕೊಡವನ್ನು ನೆಗ್ಗಿಸಿದೆ. ಮೂರನೇ ವಾರದ ಹೊತ್ತಿಗೆ ಬೇಸರ ಕಳೆಯಲೆಂದು ಅಕ್ಕನ ಹಾಗೆ ಮಣಮಣ ಶುರು ಮಾಡಿದೆ. ಅಣಕಿಸುವುದಕ್ಕೇ ಶುರು ಮಾಡಿದ್ದು, ಸುಳ್ಳು ಯಾಕೆ ಹೇಳಲಿ? ಎಣ್ಣೆ ಮಿಲ್ಲಿನ ಗೋಡೆಗೆ ಒಂದು ಪದ್ಯ ಒಪ್ಪಿಸಿದೆ. ಎರಡು ದಿನದ ಮೇಲೆ ತರಗತಿಯಲ್ಲಿ ಆ ಪದ್ಯ ಕೇಳಿದರು. ಎದ್ದು ನಿಂತೆ. ಕಣ್ಣ ಮುಂದೆ ಗೋಡೆ ಸಾಗತೊಡಗಿತು, ಪದ್ಯ ಅದರ ಜೊತೆಗೆ ಬಂತು, ಒಂದು ಅಕ್ಷರವೂ ತಪ್ಪದೆ.

ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ತರಗತಿಗೆ ಮೂರನೆಯವಳು. ಅಪ್ಪ ಪ್ರಗತಿ ಪತ್ರವನ್ನು ಎರಡು ಸಲ ಓದಿದ. ಕಟ್ಟೆಯ ಮೇಲೆ ಬಂದವರಿಗೆಲ್ಲ 'ಸಣ್ಣಾಕಿನೂ ಶ್ಯಾಣ್ಯಾ ಅದಾಳ್ರಿ, ನಮಗ ಗೊತ್ತ ಇರ್ಲಿಲ್ಲ' ಎಂದನಂತೆ. ಹದಿನಾಲ್ಕು ವರ್ಷದಲ್ಲಿ ನನ್ನ ಬಗ್ಗೆ ಅವನು ಬಜಾರಿನಲ್ಲಿ ಆಡಿದ ಮೊದಲ ಮಾತು ಅದು. ಅದರ ರುಚಿ ಹೇಗಿತ್ತೆಂದು ಈಗಲೂ ಹೇಳಬಲ್ಲೆ.

ಅದೇ ವಾರ ಕಾಲೇಜಿನಿಂದ ಅಕ್ಕನ ಅರ್ಧವಾರ್ಷಿಕದ ಅಂಕಗಳೂ ಬಂದವು. ಎರಡು ವಿಷಯಗಳಲ್ಲಿ ಫೇಲು.

ಕೋಣೆಯಲ್ಲಿ ಅವಳು ಕೂರುತ್ತಿರಲಿಲ್ಲವೆಂದಲ್ಲ. ಕಾಲೇಜಿನ ಹೊತ್ತು ಬಿಟ್ಟರೆ ಉಳಿದ ಹೊತ್ತೆಲ್ಲ ಕೂರುತ್ತಿದ್ದಳು. ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದಳು. ತಡೆಯಲಾರದಾಗ ಎದ್ದು ಆ ಕೋಣೆಯೊಳಗೇ ಅಡ್ಡಾಡುತ್ತಿದ್ದಳು. ನಾಲ್ಕು ಹೆಜ್ಜೆಗೆ ಗೋಡೆ. ಅವಳ ಕಾಲ್ಗೆಜ್ಜೆ ಕೇಳಿದ ಕೂಡಲೇ ಹೊರಗಿನಿಂದ ಅಪ್ಪ, 'ಕುಂದ್ರವ್ವ ತಾಯಿ, ಕುಂದ್ರು. ಕಾಲಿಗೆ ಹೋದ ಶಕ್ತಿ ತಲಿಗೆ ಎಲ್ಲಿಂದ ಬರಬೇಕು?' ಎನ್ನುತ್ತಿದ್ದ. ಅಕ್ಕ ಗೆಜ್ಜೆ ಬಿಚ್ಚಿಟ್ಟಳು. ಬರಿಗಾಲಲ್ಲಿ ಅಡ್ಡಾಡುವುದನ್ನು ಅವ್ವ ಬಾಗಿಲ ಸಂದಿಯಿಂದ ನೋಡಿ ಹೇಳಿದಳು. ಮತ್ತೆ ಕೂರಿಸಿದರು.

ಅಂಕ ಬಂದ ದಿನ ಅಕ್ಕ ಅಪ್ಪನ ಎದುರು ನಿಂತು ಬಾಯಿಬಿಟ್ಟಳು. 'ಅಪ್ಪಾ, ನನ್ನ ನೀರಿಗೆ ಕಳಸು. ನಡದ್ರ ನನಗ ಓದು ತಲಿಗೆ ಹತ್ತೈತಿ. ಕುಂತ್ರ ತಲಿನೂ ಕುಂತುಬಿಡ್ತೈತಿ.'

ಅಪ್ಪನಿಗೆ ಅದು ಅರ್ಥವಾಗಲಿಲ್ಲ. ಯಾವ ಹುಡುಗಿ ಕುರ್ಚಿ ಬಿಟ್ಟು ಕೊಡ ಕೇಳುತ್ತಾಳೆ? ಏನೋ ನೆಪ, ಓದಿನಲ್ಲಿ ಮನಸ್ಸಿಲ್ಲ ಎಂದುಕೊಂಡ. ಆದರೂ ಬೈಯಲಿಲ್ಲ. 'ನಿನ್ನ ಕೈಲಿ ನೀರು ಹೊರಿಸಿ ಓದಿಸಿದ್ರ ಊರು ನನಗ ಏನಂತೈತಿ?' ಎಂದ. ಮೂರು ದಿನದ ಮೇಲೆ ಮಧ್ಯಾಹ್ನ ಅಕ್ಕ ಯಾರಿಗೂ ಹೇಳದೆ ಬಾವಿಯ ದಾರಿಗೆ ಹೋದಳು. ಕೊಡವಿಲ್ಲದೆ, ಬರೀ ಪುಸ್ತಕ ಹಿಡಿದು. ಒಂದು ತಾಸು ಬದುವಿನ ಮೇಲೆ ಹೋಗುತ್ತ ಬರುತ್ತ ಓದಿಕೊಂಡಿದ್ದಾಳೆ. ಮಿಲ್ಲಿನ ಕಡೆಯ ಯಾರೋ ನೋಡಿದರು. ಹರೆಯದ ಹುಡುಗಿ, ಉರಿಬಿಸಿಲು, ಹೊಲದಲ್ಲಿ ಒಬ್ಬಳೇ, ತುಟಿ ಅಲ್ಲಾಡುತ್ತಿದೆ. ಸಂಜೆಯ ಹೊತ್ತಿಗೆ ಬಜಾರಿನಲ್ಲಿ ಮಾತು ಹೀಗಿತ್ತು: 'ಟೇಲರನ ದೊಡ್ಡ ಮಗಳು ಹೊಲದಾಗ ಯಾರ ಜೋಡಿನೋ ಮಾತಾಡಾಕತ್ತಿದ್ಲಂತ.'

ಅವತ್ತು ಅಪ್ಪ ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ನಾನು ಎರಡನೇ ಸಲದ ನೀರು ಇಳಿಸುತ್ತಿದ್ದಾಗ ನನ್ನನ್ನು ಜಗಲಿಗೆ ಕರೆದ. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಕ್ಕ ಕುರ್ಚಿಯ ಮೇಲಿದ್ದಳು.

'ನೀ ದಿನಾ ನೀರಿಗೆ ಹೋಗ್ತೀ' ಎಂದ ಅಪ್ಪ. 'ನಡಕೊಂತ ಓದಿದ್ರ ತಲಿಗೆ ಹತ್ತೈತಿ ಅಂತ ನಿಮ್ಮಕ್ಕ ಅಂತಾಳ. ಖರೇನ? ನಿನಗ ಹಂಗ ಅನ್ಸೈತೇನು? ಖರೆ ಹೇಳವ್ವ. ಖರೆ ಇದ್ರ ಇವತ್ತ ಅಕಿ ಕೈಗೆ ಕೊಡ ಕೊಡ್ತೀನಿ. ಮಂದಿ ಏನರ ಅನ್ಲಿ.'

ಅವನು ನಿಜವಾಗಿಯೂ ಕೊಡುತ್ತಿದ್ದ. ಅದನ್ನು ನೆನೆದಾಗಲೇ ನನಗೆ ಹೆಚ್ಚು ಸಂಕಟವಾಗುತ್ತದೆ. ಅಪ್ಪ ಕಲ್ಲಿನಂಥವನಾಗಿದ್ದರೆ ತಪ್ಪನ್ನು ಅವನ ಮೇಲೆ ಹಾಕಿ ಹಾಯಾಗಿ ಇರಬಹುದಿತ್ತು.

'ನನಗೇನ್ ಹಂಗ ಅನ್ಸಿಲ್ಲಪ್ಪ' ಎಂದೆ.

ಯಾಕೆ ಹಾಗೆಂದೆ? ಬಿ.ಎಡ್.ನಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ದಪ್ಪದಪ್ಪ ಪುಸ್ತಕಗಳನ್ನು ಓದಿ ನನ್ನನ್ನು ನಾನೇ ಮಾಫಿ ಮಾಡಿಕೊಳ್ಳಲು ನೋಡಿದ್ದೇನೆ. ಆಗಲಿಲ್ಲ. ಕಾರಣ ಬಹಳ ಸಣ್ಣದು. ಹೌದು ಎಂದಿದ್ದರೆ ನಾನು ಶ್ಯಾಣ್ಯಾ ಅಲ್ಲ, ದಾರಿ ಶ್ಯಾಣ್ಯಾ ಎಂದಾಗುತ್ತಿತ್ತು. ಕೊಡ ಅಕ್ಕನಿಗೆ ಹೋಗುತ್ತಿತ್ತು, ಅದರ ಜೊತೆಗೆ ದಾರಿಯೂ ಹೋಗುತ್ತಿತ್ತು, ನಾನು ಮತ್ತೆ ಹಿಂದಿನ ಬೆಂಚಿಗೆ. ಅಪ್ಪ ಮತ್ತೆ ಓದದೆ ಸಹಿ ಹಾಕುತ್ತಿದ್ದ. ಅಷ್ಟೇ. ಇನ್ನೊಂದು ಮಾತು. 'ಇಬ್ಬರೂ ಕೂಡಿ ಹೋಗ್ತೀವಪ್ಪ' ಎಂದರೆ ಮುಗಿದುಹೋಗುತ್ತಿತ್ತು. ಆ ಮಾತು ನನಗೆ ಹೊಳೆದದ್ದು ಮೂವತ್ತು ದಾಟಿದ ಮೇಲೆ.

ಅಪ್ಪ ನಿಟ್ಟುಸಿರು ಬಿಟ್ಟು, 'ಹಂಗಾರ ಚಿಲಕ ಹಾಕು' ಎಂದ. ಅಕ್ಕ ಓದುವಾಗ ಹೊರಗಿನಿಂದ ಚಿಲಕ ಹಾಕುವ ಕೆಲಸ ಅಂದಿನಿಂದ ನನಗೆ ಬಂತು. ಮೊದಲ ಸಲ ಹಾಕುವಾಗ ಅಕ್ಕ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ತನಗೆ ಅನಿಸಿದ್ದು ಬೇರೆಯವರಿಗೆ ಅನಿಸುವುದಿಲ್ಲವಾದರೆ ತನ್ನ ತಲೆಯಲ್ಲೇ ಏನೋ ದೋಷವಿರಬೇಕು ಎಂಬಂತೆ ನೋಡಿದಳು.

ಪರೀಕ್ಷೆ ಬಂತು. ಅಪ್ಪ ಹೊಸ ಲಂಗ ದಾವಣಿ ಹೊಲಿದುಕೊಟ್ಟ. ಮೊದಲ ದಿನ ಮನೆಗೆ ಬಂದವಳು ಬಚ್ಚಲಲ್ಲಿ ಮುಖ ತೊಳೆಯುತ್ತ ನನಗೊಬ್ಬಳಿಗೇ ಹೇಳಿದಳು: 'ಪ್ರಶ್ನಿ ನೋಡಿದ ಕೂಡ್ಲೆ ಬೇವಿನ ಗಿಡ ಕಾಣ್ತಲೇ. ಚಂದಾಗಿ ಕಾಣ್ತು. ಅದರ ಬುಡಕ ಏನೂ ಇರ್ಲಿಲ್ಲ.' ಮೂರು ವಿಷಯಗಳಲ್ಲಿ ಹೋಯಿತು. ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿ ಮರುಪರೀಕ್ಷೆಗೆ ಓದಿಸಿದೆವು. ಅದರಲ್ಲೂ ಹೋಯಿತು. ಊರವರು, ಲೆಕ್ಚರರು ಎಲ್ಲ ಇಂಗ್ಲಿಷಿನ ಮೇಲೆ ತಪ್ಪು ಹೊರಿಸಿದರು. ಇಂಗ್ಲಿಷಿನ ಪಾಲೂ ಒಂದಿಷ್ಟು ಇದ್ದೀತು. ಆದರೆ ಮೊದಲ ವರ್ಷವೂ ಅದೇ ಇಂಗ್ಲಿಷ್ ಇತ್ತಲ್ಲ? ಅಪ್ಪ ಯಾರನ್ನೂ ಬೈಯಲಿಲ್ಲ. 'ಇಷ್ಟೆಲ್ಲ ಮಾಡಿಕೊಟ್ರೂ ಬರ್ಲಿಲ್ಲ ಅಂದ್ರ, ಪಾಪ, ಅದರ ತಲಿನ ಅಷ್ಟು' ಎಂದು ಅವ್ವನಿಗೆ ಮೆಲ್ಲಗೆ ಹೇಳಿದ. ಮೆಲ್ಲಗೆ ಹೇಳಿದ್ದು ಆ ಮನೆಯಲ್ಲಿ ಎಲ್ಲರಿಗೂ ಕೇಳುತ್ತಿತ್ತು.

ಮುಂದಿನ ವರ್ಷ ಅಕ್ಕನನ್ನು ಹರಪನಹಳ್ಳಿ ತಾಲ್ಲೂಕಿಗೆ, ಉಚ್ಚಂಗಿದುರ್ಗದ ಆಚೆಯ ಒಂದು ಹಳ್ಳಿಗೆ ಕೊಟ್ಟರು. ಭಾವ ಒಳ್ಳೆಯವರು, ಹೊಲಮನೆ ಇದೆ, ಊಟಕ್ಕೆ ಕೊರತೆ ಇಲ್ಲ. 'ನನ್ನ ತಲಿ ಅಷ್ಟ ಬಿಡು' ಎಂಬುದು ಅಕ್ಕನ ನಿತ್ಯದ ಮಾತಾಯಿತು. ಉಪ್ಪು ಹೆಚ್ಚಾದರೂ ಅದೇ, ದಾರಿ ತಪ್ಪಿದರೂ ಅದೇ. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ನಾನು ಆ ಬಾವಿಯ ದಾರಿಯಲ್ಲೇ ಎಸ್ಸೆಸ್ಸೆಲ್ಸಿ, ಪಿಯುಸಿ ಎಲ್ಲ ನಡೆದು ಮುಗಿಸಿದೆ. ಟೀಚರಾದೆ. 'ನಿಮ್ಮ ನೆನಪಿನ ಶಕ್ತಿ ಏನ್ ಛಲೋ ಐತ್ರಿ ಮೇಡಂ' ಎಂದು ಜನ ಹೊಗಳಿದಾಗ ಸೆರಗು ಸರಿಮಾಡಿಕೊಂಡು ಒಪ್ಪಿಕೊಳ್ಳುತ್ತೇನೆ.

ಹೋಟೆಲಿನಿಂದ ಎದ್ದವಳು ಮಧ್ಯಾಹ್ನದ ತರಬೇತಿಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ಅಕ್ಕನಿಗೆ ಹೇಳಬೇಕು ಎನಿಸಿತು. ಹೇಳಿದರೆ ಅವಳಿಗೆ ಸಮಾಧಾನವಾಗುತ್ತದೆ, ತಾನು ದಡ್ಡಿಯಲ್ಲವೆಂದು ಗೊತ್ತಾಗುತ್ತದೆ, ನನ್ನ ಎದೆಯೂ ಹಗುರಾಗುತ್ತದೆ ಎಂದು ಲೆಕ್ಕ ಹಾಕಿದೆ. ಈ ಲೆಕ್ಕದಲ್ಲಿ ಕೊನೆಯದೇ ಮೊದಲನೆಯದಾಗಿತ್ತೆಂದು ಈಗ ಅನಿಸುತ್ತದೆ.

ಮುಂದಿನ ಭಾನುವಾರ ಅವಳ ಹಳ್ಳಿಗೆ ಹೋದೆ. ಭಾವ ಹೊಲಕ್ಕೆ ಹೋಗಿದ್ದರು. ಅಕ್ಕ ಪಡಸಾಲೆಯಲ್ಲಿ ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ನಾನೂ ಮುಂದೆ ಕೂತು ಕೈ ಹಚ್ಚಿದೆ. ಅವಳ ಒಬ್ಬಳೇ ಮಗಳು ರೂಪಾಳ ಸುದ್ದಿ ಹೇಳಿದಳು. ಅವಳನ್ನು ಹಡಗಲಿಗೆ ಕೊಟ್ಟು ಇನ್ನೂ ಎಂಟು ತಿಂಗಳಾಗಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದು ಹೋಗಿದ್ದಕ್ಕೆ ಶಾಲೆ ಬಿಡಿಸಿ, ಹದಿನೆಂಟು ತುಂಬಿದ ಕೂಡಲೇ ಮದುವೆ ಮಾಡಿದ್ದರು. 'ಒಂದ ವಿಷಯ, ಮತ್ತ ಕಟ್ಟಲಿ ಬಿಡಕ್ಕ' ಎಂದು ನಾನು ಆಗ ಫೋನಿನಲ್ಲಿ ಹೇಳಿದ್ದೆ. ಅಕ್ಕ ಕೇಳಲಿಲ್ಲ. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ.

ಮಾತು ನಿಂತಾಗ ನಾನು ಶುರು ಮಾಡಿದೆ. ತರಬೇತಿಯ ವಿಷಯ ಹೇಳಿದೆ. ಆಮೇಲೆ ಜಗಲಿಯ ಮೇಲೆ ಅಪ್ಪ ಕೇಳಿದ್ದು, ನಾನು ಹೇಳಿದ್ದು, ಯಾಕೆ ಹೇಳಿದ್ದು, ಎಲ್ಲವನ್ನೂ ಹೇಳಿದೆ. ಅಕ್ಕನ ಕೈ ನಿಲ್ಲಲಿಲ್ಲ. ಹತ್ತಿಪ್ಪತ್ತು ಕಾಯಿ ಸುಲಿದ ಮೇಲೆ ಕೇಳಿದಳು:

'ಹಂಗಾರ ನಾ ದಡ್ಡಿ ಅಲ್ಲ?'

'ಅಲ್ಲಕ್ಕ. ನೀನು ನನಗಿಂತ ಎಷ್ಟೋ ಶ್ಯಾಣ್ಯಾಕಿ. ನಾವ ನಿನ್ನ ಕುಂದ್ರಿಸಿ ಕೆಡಿಸಿದ್ವಿ.'

ಈಗ ಅವಳ ಕೈ ನಿಂತಿತು. ಅಳುತ್ತಾಳೆ, ನನ್ನನ್ನು ಬೈಯುತ್ತಾಳೆ, ಒಂದು ಏಟು ಹಾಕಿದರೂ ಹಾಕಲಿ ಎಂದು ಕಾದೆ. ಅವಳು ಬೇರೆಲ್ಲೋ ನೋಡುತ್ತಿದ್ದಳು.

'ರೂಪಾನ ಸಾಲಿ ಯಾಕ ಬಿಡಿಸಿದ್ನಿ ಗೊತ್ತೇನ್ ನಿನಗ?'

'ಗಣಿತ ಹೋಗಿತ್ತಂತ...'

'ಗಣಿತ ಅಲ್ಲ. ಅಕಿ ಓದ್ತೀನವ್ವ ಅಂತ ಕಾಲು ಹಿಡ್ಕೊಂಡ್ಲು. ನಿಮ್ಮ ಭಾವನೂ ಓದ್ಲಿ ಬಿಡು ಅಂದ್ರು. ನಾನ ಬಿಡ್ಲಿಲ್ಲ. ನನ್ನ ತಲಿನ ನಿನಗ ಬಂದೈತಿ, ಎಷ್ಟು ಕುಂತು ಓದಿದ್ರೂ ಹತ್ತಂಗಿಲ್ಲ, ಸುಮ್ನ ನನ್ನಂಗ ನಾಕ ಮಂದ್ಯಾಗ ನಗೆಪಾಟಲಾಗಬ್ಯಾಡ ಅಂದೆ. ದಿನಾ ಅಂದೆ. ಅಕಿನೂ ಒಪ್ಪಿಕೊಂಡ್ಲು, ತನ್ನ ತಲಿ ಅಷ್ಟ ಅಂತ.'

ನನ್ನ ಮಡಿಲಿನಲ್ಲಿ ಶೇಂಗಾದ ಸಿಪ್ಪೆ ತುಂಬಿತ್ತು. ಅದನ್ನು ಎಲ್ಲಿ ಸುರಿಯಬೇಕೆಂದು ತಿಳಿಯಲಿಲ್ಲ.

'ಇಷ್ಟು ವರ್ಷ ಹೇಳ್ಲಿಲ್ಲ' ಎಂದಳು ಅಕ್ಕ, ದನಿ ಏರಿಸದೆ. 'ರೂಪಾನ ಮದುವಿಗೆ ಮುಂಚೆ ಆದ್ರೂ ಹೇಳಬೇಕಿತ್ತು. ಇಲ್ಲಾ, ಹೇಳಾಕ ಹೋಗಬಾರ್ದಿತ್ತು. ಈಗ ನಾ ಏನ್ ಮಾಡ್ಲಿ ಹೇಳು. ದಡ್ಡಿ ಅಂತ ಅನ್ಕೊಂಡು ಹೆಂಗೋ ಬಾಳೇವು ಮಾಡಿದ್ನಿ. ಈಗ ಇದನ್ನ ಹೆಂಗ ಹೊತ್ಕೊಳ್ಳಿ?'

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಮೊರ ಎತ್ತಿಕೊಂಡಳು. 'ರೂಪಾಗ ಮಾತ್ರ ಹೇಳಬ್ಯಾಡ. ತಿಳೀತಂದ್ರ ಅಕಿ ನನ್ನ ಮಾರಿ ನೋಡಂಗಿಲ್ಲ. ಆಣಿ ಮಾಡು.' ಆಣೆ ಮಾಡಿದೆ. 'ಬಸ್ಸಿನ ಹೊತ್ತಾತು, ಹೋಗು' ಎಂದಳು. ಯಾವಾಗ ಹೋದರೂ ನಿಲ್ದಾಣದವರೆಗೆ ಬಂದು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಲ್ಲುವವಳು ಅವತ್ತು ಕೂತಲ್ಲಿಂದ ಏಳಲಿಲ್ಲ.

ಇದಾಗಿ ಒಂದು ತಿಂಗಳಾಯಿತು. ಆಟದ ಪಿರಿಯಡ್ಡುಗಳನ್ನು ಪಿ.ಟಿ. ಮಾಸ್ತರರಿಗೆ ಹಿಂದಿರುಗಿಸಿದ್ದೇನೆ. ಅವರಿಗೆ ಆಶ್ಚರ್ಯವಾಯಿತು, ಹುಡುಗರಿಗೆ ಸಂತೋಷವಾಯಿತು, ನನಗೆ ಏನೂ ಆಗಲಿಲ್ಲ. ಸ್ಟಾಫ್ ರೂಮಿನ ಕಿಟಕಿಯಿಂದ ಮಕ್ಕಳು ಓಡುವುದನ್ನು ನೋಡುತ್ತ ಕೂರುತ್ತೇನೆ. ಹೆಣ್ಣುಮಕ್ಕಳು ಓಡುವಾಗ ನೋಡಲಾಗುವುದಿಲ್ಲ, ಪುಸ್ತಕ ತಿದ್ದತೊಡಗುತ್ತೇನೆ. ಅಕ್ಕನಿಗೆ ಎರಡು ಸಲ ಫೋನು ಮಾಡಿದೆ. ಊಟ ಆಯಿತೇ, ಮಳೆ ಆಯಿತೇ ಎಂದಳು. 'ನನ್ನ ತಲಿ ಅಷ್ಟ' ಎನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು ಎನಿಸಿತು.

ನಿನ್ನೆ ಸಂಜೆ ರೂಪಾ ಹಡಗಲಿಯಿಂದ ಫೋನು ಮಾಡಿದಳು.

'ಚಿಗವ್ವ, ನಮ್ಮವ್ವಗ ಏನಾಗೈತಿ? ದಿನಾ ನನ್ನ ಜೋಡಿ ಮಾತಾಡಾಕಿ, ಈಗ ನನ್ನ ದನಿ ಕೇಳಿದ್ರ ಸಾಕು, ಅಳ್ತಾಳ. ಕೇಳಿದ್ರ ಹೇಳವಲ್ಲಳು. ನೀ ಹೋಗಿ ಬಂದಾಗಿಂದ ಹಿಂಗ ಅಂತ ಅಪ್ಪ ಅಂದ. ನೀನು ಟೀಚರಿದ್ದಿ, ನಿನಗ ತಿಳಿತೈತಿ. ನಾ ದಡ್ಡಿ, ನನಗೇನೂ ತಿಳಿಯಂಗಿಲ್ಲ. ಏನಾತು ಹೇಳು ಚಿಗವ್ವ.'

ಹತ್ತೊಂಬತ್ತು ಇನ್ನೂ ತುಂಬದ ಹುಡುಗಿ. ಒಂದೇ ವಿಷಯ ಬಾಕಿ. ಅವಳಿಗೆ ಬೇಕಾಗಿದ್ದದ್ದು ಎರಡೇ ಮಾತು: ನೀ ದಡ್ಡಿ ಅಲ್ಲ, ನಿಮ್ಮವ್ವನೂ ಅಲ್ಲ.

'ಏನೂ ಇಲ್ಲವ್ವ' ಎಂದೆ. 'ನನಗೂ ಗೊತ್ತಿಲ್ಲ.'